ಯಮನೂರ ದಾರಿಯಲ್ಲಿ ಆಮ್‌ಸ್ಟೆಲ್ವೀನ್

ಧಾರವಾಡ ಜಿಲ್ಲೆ ನವಲಗುಂದ ತಾಲ್ಲೂಕಿನ ಯಮನೂರಿನಲ್ಲಿ ಪೂಜೆಗೊಳ್ಳುವ ಸಂತ, ಪಂತವೊಂದರಲ್ಲಿ ಸೋತವನು. ಹಿಂದೂಗಳಿಗೆ ಅವನು ಚಾಂಗದೇವ, ಮುಸ್ಲಿಮರಿಗೆ ರಾಜಾಬಾಗಸವಾರ, ಅಂದರೆ ಹುಲಿಯೇರಿ ಬಂದ ರಾಜ. ಮರಾಠಿ ಸೀಮೆಯಲ್ಲಿ ಅವನ ಕಥೆ ಎಲ್ಲರಿಗೂ ಗೊತ್ತು. ಸಾವಿರದ ನಾನೂರು ವರ್ಷ ಬದುಕಿದ ಹಟಯೋಗಿ ಚಾಂಗದೇವನಿಗೆ ಆಳಂದಿಯಲ್ಲಿ ಜ್ಞಾನದೇವನೆಂಬ ಹುಡುಗನೊಬ್ಬ ಹೆಸರು ಮಾಡುತ್ತಿರುವ ಸುದ್ದಿ ಮುಟ್ಟುತ್ತದೆ. ವಯಸ್ಸಿನಲ್ಲಿ ಕಿರಿಯ, ಜ್ಞಾನದಲ್ಲಿ ಹಿರಿಯ. ಅವನನ್ನು ಏನೆಂದು ಸಂಬೋಧಿಸಬೇಕೆಂದು ತಿಳಿಯದೆ ಚಾಂಗದೇವ ಖಾಲಿ ಓಲೆಯನ್ನೇ ಕಳಿಸುತ್ತಾನೆ. ಇಷ್ಟು ವರ್ಷ ಬಾಳಿಯೂ ಈತ ಖಾಲಿಯಾಗಿಯೇ ಉಳಿದನಲ್ಲ ಎಂದು ಜ್ಞಾನದೇವನ ತಂಗಿ ಮುಕ್ತಾಬಾಯಿ ನಗುತ್ತಾಳೆ. ಆಮೇಲೆ ಚಾಂಗದೇವ ಹುಲಿಯ ಮೇಲೆ ಕುಳಿತು, ಹಾವನ್ನು ಚಾಟಿ ಮಾಡಿಕೊಂಡು, ಶಿಷ್ಯರ ದಂಡು ಕಟ್ಟಿಕೊಂಡು ಹೊರಡುತ್ತಾನೆ. ಜ್ಞಾನದೇವ, ಮುಕ್ತಾಬಾಯಿ ಸೇರಿ ಒಡಹುಟ್ಟಿದ ನಾಲ್ವರೂ ಆಗ ಒಂದು ಮೋಟುಗೋಡೆಯ ಮೇಲೆ ಕುಳಿತಿರುತ್ತಾರೆ. ಅತಿಥಿಯನ್ನು ಎದುರುಗೊಳ್ಳಲು ಆ ಗೋಡೆಯೇ ನಡೆದುಬರುತ್ತದೆ. ಜೀವವಿರುವ ಹುಲಿಯನ್ನು ಪಳಗಿಸಿದವನು ಜೀವವಿಲ್ಲದ ಗೋಡೆಯನ್ನು ನಡೆಸಿದವನಿಗೆ ತಲೆಬಾಗುತ್ತಾನೆ.

ಜ್ಞಾನದೇವ 1296ರಲ್ಲಿ, ಇಪ್ಪತ್ತೊಂದರ ಹರೆಯದಲ್ಲಿ ಸಮಾಧಿಯಾದನೆಂದು ಸಂಪ್ರದಾಯ ಹೇಳುತ್ತದೆ. ಗೆದ್ದವನ ಜಾಗ ಆಳಂದಿ; ಅಲ್ಲಿಗೆ ವಾರಕರಿಗಳು ಲಕ್ಷಗಟ್ಟಲೆ ಹೋಗುತ್ತಾರೆ. ಸೋತವನನ್ನು ಬೆಣ್ಣಿಹಳ್ಳದ ದಂಡೆ ತನ್ನವನನ್ನಾಗಿ ಮಾಡಿಕೊಂಡಿತು. ಅಷ್ಟೇ ಅಲ್ಲ, ಅವನ ಹುಲಿಯನ್ನೂ ಅವನಿಗೇ ಬಿಟ್ಟುಕೊಟ್ಟಿತು. ಯಮನೂರಿಗೆ ಹರಕೆ ಹೊತ್ತು ಬರುವವರಿಗೆ ಅವನು ನೀರಿನಿಂದ ದೀಪ ಉರಿಸಿದ ಪವಾಡಪುರುಷ. ಆಳಂದಿಯ ಗೋಡೆಯ ಮಾತು ಇಲ್ಲಿ ಮುಖ್ಯವಲ್ಲ.

ಕ್ರೀಡೆಯ ಇತಿಹಾಸದಲ್ಲೂ ಇಂಥ ಗೋಡೆಗಳು ನಡೆದದ್ದುಂಟು. ಹಾಕಿಯಲ್ಲಿ ಕನ್ನಡ ನಾಡಿಗೆ ಹತ್ತಿರವಾದದ್ದು 1973ರ ಸೆಪ್ಟೆಂಬರ್ 2ರ ಸೋಲು. ನೆದರ್ಲೆಂಡ್ಸಿನ ಆಮ್‌ಸ್ಟೆಲ್ವೀನ್‌ನಲ್ಲಿ ನಡೆದ ಎರಡನೆಯ ವಿಶ್ವಕಪ್ ಫೈನಲ್ ಅದು. ಭಾರತದ ನಾಯಕ ಕೊಡಗಿನ ಎಂ.ಪಿ. ಗಣೇಶ್. ಗೆಲುವಿನ ಹೊಡೆತಕ್ಕೆ ನಿಂತು ಗೋಲು ತಪ್ಪಿಸಿಕೊಂಡವರು ಕೊಡಗಿನವರೇ ಆದ, ಸೋಮವಾರಪೇಟೆಯ ಬಿ.ಪಿ. ಗೋವಿಂದ. ಹುಬ್ಬಳ್ಳಿಯಿಂದ ಯಮನೂರು, ನವಲಗುಂದ, ಅಣ್ಣಿಗೇರಿ ದಾಟಿ ಗದಗ ಸೇರುವ ದಾರಿಯಲ್ಲಿ ಆ ಪಂದ್ಯವನ್ನು ನೆನೆಯಲು ಎರಡು ಕಾರಣಗಳಿವೆ. ಒಂದು, ಸೋತವನನ್ನು ಮರೆಯದ ಯಮನೂರು. ಇನ್ನೊಂದು, ದಾರಿಯ ಎರಡೂ ತುದಿಗಳಲ್ಲಿ, ಹುಬ್ಬಳ್ಳಿಯಲ್ಲೂ ಗದಗ-ಬೆಟಗೇರಿಯಲ್ಲೂ, ಹಾಕಿ ಬಲ್ಲ ಓಣಿಗಳಿರುವುದು.

ಹುಬ್ಬಳ್ಳಿ ಬಿಟ್ಟು ಕುಸುಗಲ್ ದಾಟಿದರೆ ಮುಂದೆ ಎಲ್ಲವೂ ಎರಿ ಹೊಲ. ಮರ ಕಡಿಮೆ, ನವಲಗುಂದ ಮುಟ್ಟುವವರೆಗೆ ಗುಡ್ಡ ಇಲ್ಲವೇ ಇಲ್ಲ. ಮುಂಗಾರಿನಲ್ಲಿ ಹೆಸರು, ಉಳ್ಳಾಗಡ್ಡಿ, ಮೆಣಸಿನಕಾಯಿ. ಹಿಂಗಾರಿನಲ್ಲಿ ಕಡಲೆ, ಬಿಳಿಜೋಳ, ಕುಸುಬಿ. ಬೆಣ್ಣಿಹಳ್ಳ ಬೇಸಿಗೆಯಲ್ಲಿ ಗೆರೆಯಷ್ಟು ಹರಿಯುತ್ತದೆ. ಶಿಗ್ಗಾವಿ ಕಡೆ ಜೋರು ಮಳೆಯಾದರೆ ಇಲ್ಲಿ ಒಂದು ಹನಿ ಬೀಳದಿದ್ದರೂ ರಾತ್ರೋರಾತ್ರಿ ದಂಡೆ ಮೀರಿ ಹೊಲಗಳಿಗೆ ನುಗ್ಗಿ, ಮುಂದೆ ಮಲಪ್ರಭೆಯನ್ನು ಸೇರುತ್ತದೆ.

ಯಮನೂರ ಜಾತ್ರೆ ಹೋಳಿ ಹುಣ್ಣಿಮೆಯ ಬಳಿಕದ್ದು. ಬೆಳಗಾವಿ, ವಿಜಯಪುರ, ಬಾಗಲಕೋಟೆ, ಕೊಪ್ಪಳದಿಂದ, ಮಹಾರಾಷ್ಟ್ರದಿಂದಲೂ ಟ್ರ್ಯಾಕ್ಟರ್ ಟ್ರೇಲರುಗಳಲ್ಲಿ ತಾಡಪಾಲು ಕಟ್ಟಿಕೊಂಡು ಮನೆಮಂದಿಯೆಲ್ಲ ಬರುತ್ತಾರೆ. ಮೊದಲು ಹಳ್ಳದಲ್ಲಿ ಸ್ನಾನ. ಈ ನೀರಿನಲ್ಲಿ ಮಿಂದರೆ ಚರ್ಮರೋಗ ವಾಸಿಯಾಗುತ್ತದೆ ಎಂಬ ನಂಬಿಕೆ ಹಳೆಯದು. ಒದ್ದೆ ಬಟ್ಟೆಯಲ್ಲೇ ದೀಡನಮಸ್ಕಾರ ಹಾಕುತ್ತ ಹೋಗುವವರೂ ಇದ್ದಾರೆ. ಗದ್ದುಗೆಯ ಮುಂದೆ ಕಾಯಿ ಒಡೆಸುವವರ ಪಕ್ಕದಲ್ಲೇ ಸಕ್ಕರೆ ಓದಿಸುವವರು ನಿಲ್ಲುತ್ತಾರೆ. ಎರಡನ್ನೂ ಮಾಡಿಸುವವರೇ ಹೆಚ್ಚು ಎಂದರೂ ತಪ್ಪಾಗದು. ಲೋಬಾನದ ಹೊಗೆ, ಊದಿನಕಡ್ಡಿಯ ವಾಸನೆ, ಹೊರಗೆ ಮಿರ್ಚಿ ಕರಿಯುವ ಎಣ್ಣೆಯ ಘಾಟು ಒಂದಾಗಿರುತ್ತವೆ. ಚುರಮರಿ, ಬೆಂಡು, ಬತ್ತಾಸಿನ ರಾಶಿಗಳ ಮುಂದೆ ಹೆಂಗಸರು ಸೆರಗಿನಲ್ಲಿ ಪ್ರಸಾದದ ಸಕ್ಕರೆ ಕಟ್ಟಿಕೊಂಡು ಬಳೆಯ ಚೌಕಾಸಿಗೆ ನಿಂತಿರುತ್ತಾರೆ. ಈ ಸಂತನ ಹರಕೆಯಿಂದ ಹುಟ್ಟಿದ ಮಕ್ಕಳಿಗೆ ಒಂದು ಮನೆಯಲ್ಲಿ ಯಮನೂರಪ್ಪ, ಇನ್ನೊಂದು ಮನೆಯಲ್ಲಿ ಯಮನೂರಸಾಬ, ಹೆಣ್ಣಾದರೆ ಯಮನವ್ವ ಎಂದು ಹೆಸರಿಡುವುದು ಉತ್ತರ ಕರ್ನಾಟಕದ ಬಹುಪಾಲು ಜಿಲ್ಲೆಗಳ ರೂಢಿ. ಹುಲಿ ಏರಿದ ಇಂಥ ಸಂತರನ್ನು ಕುರಿತು ತಿಳಿಯಬೇಕೆನ್ನುವವರು ರಹಮತ್ ತರೀಕೆರೆಯವರ ‘ಕರ್ನಾಟಕದ ಸೂಫಿಗಳು’ ಪುಸ್ತಕ ನೋಡಬಹುದು.

ಪತ್ರಿಕೆ ಓದುವವರಿಗೆ ಯಮನೂರು ನೆನಪಿರುವುದು ಬೇರೆ ಕಾರಣಕ್ಕೆ. 2016ರ ಜುಲೈ 27ರಂದು ಮಹದಾಯಿ ನ್ಯಾಯಮಂಡಳಿ 7.56 ಟಿಎಂಸಿ ಅಡಿ ನೀರಿಗಾಗಿ ಕರ್ನಾಟಕ ಸಲ್ಲಿಸಿದ್ದ ಮಧ್ಯಂತರ ಅರ್ಜಿಯನ್ನು ತಳ್ಳಿಹಾಕಿತು. ನವಲಗುಂದ ಸೀಮೆ ಹೊತ್ತಿ ಉರಿಯಿತು. ಆ ದಿನಗಳಲ್ಲಿ ಯಮನೂರಿನಲ್ಲಿ ನಡೆದ ಪೊಲೀಸ್ ಲಾಠಿ ಪ್ರಹಾರದ ದೃಶ್ಯಗಳನ್ನು ರಾಜ್ಯವೆಲ್ಲ ಟಿ.ವಿ.ಯಲ್ಲಿ ಕಂಡಿತು. ನವಲಗುಂದದಲ್ಲಿ ಇದಕ್ಕೂ ಹಳೆಯ ನೆನಪಿದೆ. ಮಲಪ್ರಭಾ ಅಚ್ಚುಕಟ್ಟಿನ ರೈತರ ಮೇಲೆ ಹೇರಿದ ಅಭಿವೃದ್ಧಿ ಕರ ಹಾಗೂ ನೀರಿನ ಕರದ ವಿರುದ್ಧ ಎದ್ದ ಬಂಡಾಯದಲ್ಲಿ, 1980ರ ಜುಲೈ 21ರಂದು, ಇಲ್ಲಿ ಗೋಲಿಬಾರ್ ನಡೆದು ರೈತನ ಜೀವ ಹೋಯಿತು. ಆ ದಿನವನ್ನು ನವಲಗುಂದ, ನರಗುಂದಗಳು ಪ್ರತಿವರ್ಷ ಹುತಾತ್ಮರ ದಿನವಾಗಿ ಆಚರಿಸುತ್ತವೆ. ಕಳೆದುಕೊಂಡದ್ದಕ್ಕೆ ತಿಥಿ ನಿಗದಿ ಮಾಡಿ ಕೂಡುವುದು ಈ ಸೀಮೆಗೆ ಚೆನ್ನಾಗಿ ಗೊತ್ತು. ಕ್ರೀಡೆಗೆ ಆ ಅಭ್ಯಾಸವಿಲ್ಲ. ಗೆದ್ದ ದಿನವನ್ನು ಬರೆದಿಡುತ್ತದೆ, ಸೋತ ದಿನಕ್ಕೆ ಯಾರನ್ನಾದರೂ ಹೊಣೆ ಮಾಡುತ್ತದೆ.

1973ರ ಹೊತ್ತಿಗೆ ಹಾಕಿಯಲ್ಲಿ ಭಾರತ ಒಲಿಂಪಿಕ್ಸ್‌ನಲ್ಲಿ ಏಳು ಚಿನ್ನ ಗೆದ್ದ ದೇಶ: 1928ರಿಂದ 1956ರವರೆಗೆ ಸತತ ಆರು, 1964ರಲ್ಲಿ ಟೋಕಿಯೊದಲ್ಲಿ ಇನ್ನೊಂದು. ನೆದರ್ಲೆಂಡ್ಸ್ ಯಾವ ಜಾಗತಿಕ ಪ್ರಶಸ್ತಿಯನ್ನೂ ಗೆದ್ದಿರಲಿಲ್ಲ. ಸೆಮಿಫೈನಲ್‌ನಲ್ಲಿ ಭಾರತ 1–0ಯಿಂದ ಪಾಕಿಸ್ತಾನವನ್ನು ಸೋಲಿಸಿತ್ತು. ಬಹಳ ಮಂದಿಗೆ ಅದೇ ಫೈನಲ್ ಎನಿಸಿದ್ದರೆ ಆಶ್ಚರ್ಯವಿಲ್ಲ. ಆಮ್‌ಸ್ಟೆಲ್ವೀನ್‌ನ ವಾಗೆನರ್ ಕ್ರೀಡಾಂಗಣದಲ್ಲಿ ಸುರ್ಜಿತ್ ಸಿಂಗ್ ಎರಡು ಗೋಲು ಹೊಡೆದು 2–0 ಮಾಡಿದರು. ಹಾಕಿಯಲ್ಲಿ ಎರಡು ಗೋಲಿನ ಮುನ್ನಡೆ ಅಪಾಯದ ಜಾಗ. ಗೆದ್ದೆವೆಂಬ ಸಡಿಲ ಮೈಗೆ ಬರುತ್ತದೆ, ಗೆಲ್ಲಲು ಬೇಕಾದಷ್ಟು ಗೋಲು ಮಾತ್ರ ಇನ್ನೂ ಬಂದಿರುವುದಿಲ್ಲ. ಡಚ್ಚರ ಟೀಸ್ ಕ್ರೌಸೆ ಎರಡನ್ನೂ ತೀರಿಸಿದ. 2–2.

ಹೆಚ್ಚುವರಿ ಆಟ ಶುರುವಾಯಿತು. ಭಾರತಕ್ಕೆ ಪೆನಾಲ್ಟಿ ಸ್ಟ್ರೋಕ್ ಸಿಕ್ಕಿತು. ಗೋಲಿನಿಂದ ಏಳು ಗಜ ದೂರದಲ್ಲಿ ಚೆಂಡು, ಎದುರಿಗೆ ಗೋಲಿ ಒಬ್ಬನೇ. ಹೊಡೆಯುವವನು ಚೆಂಡನ್ನು ತಳ್ಳಬೇಕು ಅಥವಾ ಚಿಮ್ಮಿಸಬೇಕು, ಕೋಲು ಬೀಸಿ ಬಾರಿಸುವಂತಿಲ್ಲ. ಹತ್ತರಲ್ಲಿ ಏಳೆಂಟು ಸಲ ಗೋಲಾಗುತ್ತದೆಂದು ಆಟ ಬಲ್ಲವರು ಎಣಿಸುವ ಅವಕಾಶ ಅದು. ಅಂದು ನಿಂತವರು ಇಪ್ಪತ್ತೆರಡರ ಗೋವಿಂದ. ಗೋಲಾಗಲಿಲ್ಲ. ಕೊನೆಗೆ ಸ್ಟ್ರೋಕುಗಳ ಸರದಿಯಲ್ಲಿ 4–2ರಿಂದ ನೆದರ್ಲೆಂಡ್ಸ್ ವಿಶ್ವಕಪ್ ಎತ್ತಿತು.

ಸೋಲಿಗೆ ಒಂದೇ ಹೊಡೆತವನ್ನು ಕಾರಣ ಮಾಡುವುದು ಸುಲಭ, ನ್ಯಾಯವಲ್ಲ. 2–0 ಮುನ್ನಡೆಯನ್ನು ಕೈಬಿಟ್ಟದ್ದು ಹನ್ನೊಂದು ಮಂದಿ. ಟೈಬ್ರೇಕರ್‌ನಲ್ಲಿ ಕೈತಪ್ಪಿದ ಸ್ಟ್ರೋಕುಗಳೂ ಇದ್ದವು. ಆದರೆ ನೆನಪಿಗೆ ಒಂದು ಮುಖ ಬೇಕು. ಅದು ಹುಡುಕಿಕೊಂಡದ್ದು ಗೋವಿಂದರ ಮುಖವನ್ನು. ನಾಯಕ ಗಣೇಶ್ ಬೆಳ್ಳಿಯೊಂದಿಗೆ ಮರಳಿದರು. ಅವರಿಗೆ ಪದ್ಮಶ್ರೀ ಬಂದದ್ದು 2020ರಲ್ಲಿ. ಗೆದ್ದ ನಾಯಕನಾಗಿದ್ದರೆ ನಲವತ್ತೇಳು ವರ್ಷ ಕಾಯಬೇಕಾಗುತ್ತಿತ್ತೇ ಎಂಬ ಪ್ರಶ್ನೆ ಯಾರಿಗಾದರೂ ಬರುವಂಥದ್ದೇ.

ಒಂದೂವರೆ ವರ್ಷ ಕಳೆದು, 1975ರ ಮಾರ್ಚ್‌ನಲ್ಲಿ ಕ್ವಾಲಾಲಂಪುರದಲ್ಲಿ ಮೂರನೆಯ ವಿಶ್ವಕಪ್. ಅಜಿತ್‌ಪಾಲ್ ಸಿಂಗ್ ನಾಯಕ. ಮುಂಪಡೆಯಲ್ಲಿ ಗೋವಿಂದ ಇದ್ದರು. ಗೋಲು ತಪ್ಪಿಸಿಕೊಂಡವನನ್ನು ಆಯ್ಕೆದಾರರು ಕೈಬಿಡಲಿಲ್ಲವೆಂಬುದು ಈ ಕಥೆಯಲ್ಲಿ ಗೆಲುವಿನಷ್ಟೇ ದೊಡ್ಡ ಸಂಗತಿ. ಕರ್ನಾಟಕದ ಪಿ.ಇ. ಕಾಳಯ್ಯ ಕೂಡ ತಂಡದಲ್ಲಿದ್ದರು. ಗುಂಪಿನ ಹಂತದಲ್ಲಿ ಅರ್ಜೆಂಟೀನಾ 2–1ರಿಂದ ಭಾರತವನ್ನು ಸೋಲಿಸಿ ದಿಗ್ಭ್ರಮೆ ಹುಟ್ಟಿಸಿತು. ಪಶ್ಚಿಮ ಜರ್ಮನಿಯನ್ನು 3–1ರಿಂದ ಸೋಲಿಸಿದ ಮೇಲೆ ಸೆಮಿಫೈನಲ್ ಸಿಕ್ಕಿತು. ಅಲ್ಲಿ ಎದುರಾಳಿ ಆತಿಥೇಯ ಮಲೇಷ್ಯಾ. ಆಟ ಮುಗಿಯಲು ಕೆಲವೇ ನಿಮಿಷವಿದ್ದಾಗ ಭಾರತ 1–2ರಿಂದ ಹಿಂದಿತ್ತು. ಬೆಂಚಿನ ಮೇಲೆ ಕುಳಿತಿದ್ದ ಅಸ್ಲಂ ಶೇರ್ ಖಾನ್ ಅವರನ್ನು ಒಳಗೆ ಕಳಿಸಲಾಯಿತು. ಪೆನಾಲ್ಟಿ ಕಾರ್ನರ್‌ನಲ್ಲಿ ಅವರು ಹೊಡೆದ ಚೆಂಡು ಗೋಲು ಸೇರಿತು. ಹೆಚ್ಚುವರಿ ಆಟದಲ್ಲಿ ಹರ್ಚರಣ್ ಸಿಂಗ್ ಗೆಲುವಿನ ಗೋಲು ಹೊಡೆದು 3–2 ಮಾಡಿದರು.

ಮಾರ್ಚ್ 15, ಶನಿವಾರ, ಮರ್ಡೇಕಾ ಕ್ರೀಡಾಂಗಣ. ಎದುರಿಗೆ ಪಾಕಿಸ್ತಾನ. ಜಾಹಿದ್ ಶೇಖ್ ಮೊದಲ ಗೋಲು ಹೊಡೆದರು. ಸುರ್ಜಿತ್ ಸಿಂಗ್ ಸಮ ಮಾಡಿದರು. ಆಮೇಲೆ ಧ್ಯಾನ್‌ಚಂದರ ಮಗ ಅಶೋಕ್ ಕುಮಾರ್ ಹೊಡೆದ ಚೆಂಡು ಗೋಲುಕಂಬದ ಒಳಮೂಲೆಗೆ ಬಡಿದು ಹೊರಗೆ ಪುಟಿಯಿತು. ಚೆಂಡು ಗೆರೆ ದಾಟಿತೇ ಇಲ್ಲವೇ? ದಾಟಿತೆಂದು ಮಲೇಷ್ಯಾದ ಅಂಪೈರ್ ವಿಜಯನಾಥನ್ ಗೋಲು ಕೊಟ್ಟರು, ಪಾಕಿಸ್ತಾನದವರು ಪ್ರತಿಭಟಿಸಿದರು. ಇಂದಿನ ಹಾಗೆ ವಿಡಿಯೊ ತಿರುಗಿಸಿ ನೋಡುವ ಏರ್ಪಾಡಿರಲಿಲ್ಲ. 2–1. ಆಮ್‌ಸ್ಟೆಲ್ವೀನ್‌ನಲ್ಲಿ ಕೈತಪ್ಪಿದ ಕಪ್ ಗೋವಿಂದರ ಕೈಸೇರಿತು. ಅದೇ ವರ್ಷ ಅವರಿಗೆ ಅರ್ಜುನ ಪ್ರಶಸ್ತಿಯೂ ಬಂತು.

ಆ ಕಾಲಕ್ಕೆ ನವಲಗುಂದ ಸೀಮೆಯ ಹಳ್ಳಿಗಳಿಗೆ ಟಿ.ವಿ. ಬಂದಿರಲಿಲ್ಲ. ಪರದೇಶದ ಪಂದ್ಯವೆಂದರೆ ರೇಡಿಯೊ ಕಾಮೆಂಟರಿ, ಅದೂ ಹಿಂದಿ, ಇಂಗ್ಲಿಷಿನಲ್ಲಿ. ಧಾರವಾಡ ಆಕಾಶವಾಣಿ 1950ರಿಂದ ಇದ್ದ ಸೀಮೆಯಾದ್ದರಿಂದ ಗ್ರಾಮ ಪಂಚಾಯಿತಿ ಕಟ್ಟೆಯ ರೇಡಿಯೊ ಮುಂದೆ ಕೂಡುವ ರೂಢಿ ಬಲವಾಗಿತ್ತು. ಆದರೆ ಎರಿ ನಾಡಿನ ಹಳ್ಳಿಯ ಹುಡುಗರ ಆಟ ಚಿಣಿಪಣಿ, ಹುತುತು, ಲಗೋರಿ, ಗರಡಿಮನೆಯ ಕುಸ್ತಿ. ಹಾಕಿ ಹಳ್ಳಿಗೆ ಇಳಿಯದಿರಲು ಒಂದು ಕಾರಣ ನೆಲದಲ್ಲೇ ಇದೆ. ಬೇಸಿಗೆಯಲ್ಲಿ ಎರಿ ಭೂಮಿ ಅಂಗೈ ಇಳಿಯುವಷ್ಟು ಬಿರಿಯುತ್ತದೆ. ಮಳೆಯಲ್ಲಿ ಚಪ್ಪಲಿಯನ್ನೇ ಹಿಡಿದಿಟ್ಟುಕೊಳ್ಳುತ್ತದೆ. 160 ಗ್ರಾಮಿನ ಆಸುಪಾಸಿನ ಗಟ್ಟಿ ಚೆಂಡು ಅಂಥ ನೆಲದ ಮೇಲೆ ನೇರ ಉರುಳುವುದಿಲ್ಲ. ಗರಸು ಹಾಕಿ, ನೀರು ಚಿಮುಕಿಸಿ, ರೂಲು ಹೊಡೆದು ಮೈದಾನ ಮಾಡಲು ಯಾರಾದರೂ ಬೇಕು. ಉತ್ತರ ಕರ್ನಾಟಕದಲ್ಲಿ ಆ ಯಾರಾದರೂ ಎಂದರೆ ಸೈನ್ಯ, ರೈಲ್ವೆ, ಮಿಷನರಿ ಶಾಲೆ. ಆದ್ದರಿಂದಲೇ ಹಾಕಿ ಬೆಳಗಾವಿಯ ದಂಡಿನ ಪ್ರದೇಶದಲ್ಲಿ, ಹುಬ್ಬಳ್ಳಿಯ ರೈಲ್ವೆ ವಸಾಹತಿನಲ್ಲಿ, ಗದುಗಿನಲ್ಲಿ ನೆಲೆ ಕಂಡಿತು. 1964ರ ಟೋಕಿಯೊ ಚಿನ್ನದ ತಂಡದಲ್ಲಿದ್ದ ಬಂಡು ಪಾಟೀಲರು ಬೆಳಗಾವಿಯವರು.

ಯಮನೂರಿನಿಂದ ನವಲಗುಂದಕ್ಕೆ ಹೆಚ್ಚು ದೂರವಿಲ್ಲ. ಬಯಲಿನ ನಡುವೆ ಒಮ್ಮೆಲೇ ಏಳುವ ಗುಡ್ಡ, ಅಜಾತ ನಾಗಲಿಂಗ ಸ್ವಾಮಿಗಳ ಮಠ, ಹೋಳಿಯಲ್ಲಿ ಹರಕೆಯವರ ಸಾಲು ಮುಗಿಯದ ರಾಮಲಿಂಗ ಕಾಮಣ್ಣ, ಊರಿಗೆ ಕುಡಿಯುವ ನೀರು ಕೊಡುವ ನೀಲಮ್ಮನ ಕೆರೆ. ನೋಡಲೇಬೇಕಾದದ್ದು ಜಮಖಾನ. ಮುಸ್ಲಿಂ ಮನೆಗಳ ಹೆಂಗಸರು ಗೋಡೆಗೆ ನಿಲ್ಲಿಸಿದ ನೇರ ಮಗ್ಗದ ಮುಂದೆ ಕುಳಿತು, ಬಣ್ಣದ ಹತ್ತಿನೂಲನ್ನು ಬೆರಳಿನಿಂದಲೇ ತೂರಿಸಿ, ಕಬ್ಬಿಣದ ಹಣಿಗೆಯಿಂದ ಕುಟ್ಟಿ ಕೂರಿಸುತ್ತಾರೆ. ನವಿಲು, ಪಗಡೆಹಾಸು ಅದರ ಹಳೆಯ ವಿನ್ಯಾಸಗಳು. ಭೌಗೋಳಿಕ ಗುರುತು ಸಿಕ್ಕಿದೆ. ನೇಯುವ ಮನೆಗಳು ಮಾತ್ರ ಬೆರಳೆಣಿಕೆಗೆ ಇಳಿದಿವೆ.

ಅಣ್ಣಿಗೇರಿಯಲ್ಲಿ ಪಂಪನನ್ನು ನೆನೆದು, ಅಮೃತೇಶ್ವರ ಗುಡಿಯ ಕಂಬಗಳ ನಡುವೆ ಹತ್ತು ನಿಮಿಷ ಕಳೆದು ಮುಂದೆ ಹೋಗುವವರೇ ಹೆಚ್ಚು. ಅಲ್ಲಿಂದ ಹುಬ್ಬಳ್ಳಿ–ಗದಗ ರೈಲು ಮಾರ್ಗ ಜೊತೆಯಾಗುತ್ತದೆ. ಗದಗ ಹತ್ತಿರವಾಗುತ್ತ ಎರಿಯ ಕಪ್ಪು ತೆಳುವಾಗಿ, ಕಪ್ಪತಗುಡ್ಡದ ಕಡೆಗೆ ಮಸಾರಿಯ ಕೆಂಪು ಕಾಣತೊಡಗುತ್ತದೆ.

ದಾರಿಯ ಎರಡೂ ತುದಿಗಳ ಹಾಕಿ ಓಣಿಗಳ ಕಥೆ ಶುರುವಾಗುವುದು ಒಂದು ಕಾಯ್ದೆಯಿಂದ. ಬ್ರಿಟಿಷರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಕೆಲವು ಜಾತಿಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಪಟ್ಟಿ ಮಾಡಿತ್ತು. ಮುಂಬಯಿ ಪ್ರಾಂತ್ಯದ ಸರ್ಕಾರ ಅವರನ್ನು ಹುಬ್ಬಳ್ಳಿ, ಗದಗ, ವಿಜಯಪುರ, ಸೊಲ್ಲಾಪುರದಂಥ ಊರುಗಳಲ್ಲಿ ಸೆಟ್ಲಮೆಂಟ್ ಎಂಬ ಬೇಲಿಯೊಳಗೆ ಇರಿಸಿತು. ಹೊರಗೆ ಹೋಗಲು ಪಾಸು, ಹೊತ್ತಿಗೆ ಸರಿಯಾಗಿ ಹಾಜರಿ, ದುಡಿಯಲು ರೈಲ್ವೆ ಕಾರ್ಖಾನೆ ಅಥವಾ ಹತ್ತಿ ಗಿರಣಿ. 1952ರಲ್ಲಿ ದೇಶದಾದ್ಯಂತ ಆ ಕಾಯ್ದೆ ಹೋಯಿತು. ಬಡಾವಣೆಗಳ ಹೆಸರು ಉಳಿಯಿತು. ಹುಬ್ಬಳ್ಳಿಯ ಸೆಟ್ಲಮೆಂಟಿನಲ್ಲೂ ಗದಗ-ಬೆಟಗೇರಿಯ ಓಣಿಗಳಲ್ಲೂ ಹಾಕಿ ಬೇರೂರಿದ್ದು ಹೀಗೆ ಬೇಲಿಯೊಳಗೆ ಬೆಳೆದವರ ಮಕ್ಕಳಲ್ಲಿ. ಶಾಲೆಯ ಮೈದಾನ, ಹಳೆಯ ಕೋಲು, ಬರಿಗಾಲು. ಆಟ ಚೆನ್ನಾಗಿ ಬಂದರೆ ರೈಲ್ವೆ, ಪೊಲೀಸ್, ಸೈನ್ಯದಲ್ಲಿ ಕೆಲಸ ಸಿಗಬಹುದೆಂಬ ಆಸೆ. ರಾಜ್ಯದ ಹಾಕಿ ಎಂದೊಡನೆ ಕೊಡಗನ್ನಷ್ಟೇ ಹೆಸರಿಸುವವರು ಈ ಓಣಿಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಈ ಓಣಿಗಳ ಮಟ್ಟಿಗೆ ನಿಜವಾದ ಪೆಟ್ಟು ಬಿದ್ದದ್ದು 1973ರಲ್ಲಲ್ಲ, 1976ರಲ್ಲಿ. ಆ ವರ್ಷದ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿಗೆ ಹಾಕಿಯನ್ನು ಕೃತಕ ಹಾಸಿನ ಮೇಲೆ ಆಡಿಸಲಾಯಿತು. ಹದಿನಾರು ತಿಂಗಳ ಹಿಂದೆ ವಿಶ್ವಕಪ್ ಗೆದ್ದಿದ್ದ ಭಾರತ, ಗೋವಿಂದ ಸಹಿತ, ಏಳನೆಯ ಸ್ಥಾನಕ್ಕೆ ಬಿತ್ತು. ಗುಂಪಿನ ಪಂದ್ಯದಲ್ಲಿ ಆಸ್ಟ್ರೇಲಿಯಾ 6–1ರಿಂದ ಸೋಲಿಸಿತ್ತು. ಚಿನ್ನ ಗೆದ್ದದ್ದು ಯಾರ ಲೆಕ್ಕದಲ್ಲೂ ಇರದ ನ್ಯೂಜಿಲೆಂಡ್. ಫೈನಲ್‌ನಲ್ಲಿ ಆಸ್ಟ್ರೇಲಿಯಾ ವಿರುದ್ಧ 1–0. ಗೋಲಿ ಟ್ರೆವರ್ ಮ್ಯಾನಿಂಗ್ ಮೊಣಕಾಲ ಚಿಪ್ಪು ಒಡೆದರೂ ನಿಂತು ಆಡಿದ ಪಂದ್ಯ ಅದು. ನ್ಯೂಜಿಲೆಂಡಿನವರು ಇಂದಿಗೂ ಹೇಳಿಕೊಳ್ಳುವ ಕಥೆ.

ಹುಲ್ಲು, ಮಣ್ಣಿನ ಮೇಲೆ ಚೆಂಡನ್ನು ಕೋಲಿಗೆ ಅಂಟಿಸಿಕೊಂಡು ಒಬ್ಬೊಬ್ಬರನ್ನೇ ದಾಟಿಹೋಗುವುದು ಭಾರತ, ಪಾಕಿಸ್ತಾನಗಳ ಬಲ. ಹಾಸಿನ ಮೇಲೆ ಚೆಂಡು ಎಡವದೆ ವೇಗವಾಗಿ ಓಡುತ್ತದೆ. ಅಲ್ಲಿ ಬೆಲೆ ಇರುವುದು ಉದ್ದ ಪಾಸಿಗೆ, ಓಟಕ್ಕೆ, ದಮ್ಮಿಗೆ. ಈ ವಾದವನ್ನು ಅತಿಗೆ ಎಳೆಯಬಾರದು. ಪಾಕಿಸ್ತಾನ ಅದೇ ಹಾಸಿನ ಮೇಲೆ ಮುಂದೆ ವಿಶ್ವಕಪ್ ಗೆದ್ದಿತು, 1982ರ ದೆಹಲಿ ಏಷ್ಯಾಡ್ ಫೈನಲ್‌ನಲ್ಲಿ ಭಾರತವನ್ನು 7–1ರಿಂದ ಹೊಡೆಯಿತು. ಸೋತ ತಂಡ ಹೊಂದಿಕೊಳ್ಳಲು ತಡಮಾಡಿತು ಎನ್ನುವುದೇ ಹೆಚ್ಚು ಸರಿ. ಆದರೆ ಓಣಿಯ ಹುಡುಗನಿಗೆ ಈ ಬದಲಾವಣೆಯಲ್ಲಿ ಹೊಂದಿಕೊಳ್ಳುವ ಆಯ್ಕೆಯೇ ಇರಲಿಲ್ಲ. ಹಾಸಿಗೆ ಕೋಟಿಗಳ ಲೆಕ್ಕದ ಖರ್ಚು, ಕೆಲವೇ ವರ್ಷಕ್ಕೆ ಸವೆತ. ಅದಕ್ಕಿಂತ ಹೆಚ್ಚಾಗಿ ನೀರು: ಆಟಕ್ಕೆ ಮುನ್ನ, ವಿರಾಮದಲ್ಲಿ ಹಾಸನ್ನು ತೋಯಿಸಲೇಬೇಕು, ಒಂದು ಸಲಕ್ಕೆ ಸಾವಿರಾರು ಲೀಟರ್. ಕುಡಿಯುವ ನೀರಿಗಾಗಿ ಮಹದಾಯಿಯ ಕಡೆ ನೋಡುತ್ತಿರುವ ಸೀಮೆಯಲ್ಲಿ ಅದು ಸಣ್ಣ ಮಾತಲ್ಲ. ಮಣ್ಣಿನಲ್ಲಿ ಕಲಿತ ಹುಡುಗ ಬೆಂಗಳೂರಿನ ಆಯ್ಕೆ ಶಿಬಿರಕ್ಕೆ ಹೋಗಿ ಹಾಸಿನ ಮೇಲೆ ಮೊದಲ ಬಾರಿ ಕಾಲಿಟ್ಟಾಗ, ಚೆಂಡು ಅವನ ಕೋಲಿಗಿಂತ ಮುಂದೆ ಓಡುತ್ತದೆ. ಕೈ ಹೊಂದುವಷ್ಟರಲ್ಲಿ ಶಿಬಿರ ಮುಗಿದಿರುತ್ತದೆ.

ನೀರು ಹಾಯಿಸುವ ಅಗತ್ಯವಿಲ್ಲದ ಹಾಸುಗಳತ್ತ ಹೊರಳಬೇಕೆಂದು ಅಂತರರಾಷ್ಟ್ರೀಯ ಹಾಕಿ ಫೆಡರೇಶನ್ ಈಗ ಹೇಳುತ್ತಿದೆ. ಜಗತ್ತಿಗೆ ಅದು ಪರಿಸರದ ಮಾತು. ಗದಗ, ಹುಬ್ಬಳ್ಳಿಗಳಿಗೆ ಅದು ಆಟದ ಬಾಗಿಲು ಮತ್ತೆ ತೆರೆಯುವ ಮಾತಾಗಬಹುದು, ಅಂಥ ಹಾಸು ಜಿಲ್ಲಾ ಕೇಂದ್ರಗಳಿಗೆ ಬಂದರೆ.

1975ರ ನಂತರ ಭಾರತದ ಪುರುಷರು ವಿಶ್ವಕಪ್ ಗೆದ್ದಿಲ್ಲ. 2023ರಲ್ಲಿ ಭುವನೇಶ್ವರ, ರೂರ್ಕೆಲಾಗಳಲ್ಲಿ ನಡೆದ ಪಂದ್ಯಾವಳಿಯವರೆಗೆ ಸೆಮಿಫೈನಲ್ ಕೂಡ ಮುಟ್ಟಿರಲಿಲ್ಲ. ಅಲ್ಲಿಂದ ಮುಂದಿನ ವಿಶ್ವಕಪ್ಪನ್ನು ನೆದರ್ಲೆಂಡ್ಸ್ ಮತ್ತು ಬೆಲ್ಜಿಯಂಗೆ ಕೊಡಲಾಯಿತು. 2026ರ ಆಗಸ್ಟ್‌ಗೆ ನಿಗದಿಯಾದ ಆ ಪಂದ್ಯಾವಳಿಯ ಎರಡು ತಾಣಗಳಲ್ಲಿ ಒಂದು ಆಮ್‌ಸ್ಟೆಲ್ವೀನ್‌ನ ವಾಗೆನರ್ ಕ್ರೀಡಾಂಗಣ.